ಗೋಪುರದ ತುದಿಯ ಹುಂಜ

ನನ್ನ ಆಫೀಸು ಇರುವುದು ಕೋಲ್ಕತ್ತಾದ ಡಾಲ್‌ಹೌಸಿ ಚೌಕದಲ್ಲಿ. ಊಟದ ಬಿಡುವಿನಲ್ಲಿ ಹೊರಗೆ ಬಂದರೆ ರೈಟರ್ಸ್ ಬಿಲ್ಡಿಂಗ್ ಪಕ್ಕದ ಸೇಂಟ್ ಆಂಡ್ರ್ಯೂಸ್ ಚರ್ಚಿನ ಗೋಪುರ ಕಾಣುತ್ತದೆ. ಅದರ ತುತ್ತತುದಿಯಲ್ಲಿ ಒಂದು ಹುಂಜ. ಇಲ್ಲಿಗೆ ಬಂದ ಮೊದಲ ವರ್ಷ, ಗಾಳಿಯ ದಿಕ್ಕು ತೋರಿಸಲು ಇಟ್ಟದ್ದಿರಬೇಕು ಅಂದುಕೊಂಡಿದ್ದೆ. ಅದರ ಹಿಂದೆ ದೊಡ್ಡ ಜಗಳವೇ ಇದೆ ಎಂದು ತಿಳಿದದ್ದು ಆಮೇಲೆ.

1814ರಲ್ಲಿ ಇಬ್ಬರು ಪಾದ್ರಿಗಳು ಇಂಗ್ಲೆಂಡಿನಿಂದ ಒಂದೇ ಹಡಗಿನಲ್ಲಿ ಇಲ್ಲಿಗೆ ಬಂದರು. ಒಬ್ಬರು ಆಂಗ್ಲಿಕನ್ ಸಭೆಯ ಮೊದಲ ಬಿಷಪ್ ಥಾಮಸ್ ಮಿಡಲ್‌ಟನ್. ಇನ್ನೊಬ್ಬರು ಸ್ಕಾಟ್‌ಲೆಂಡಿನ ಪ್ರೆಸ್ಬಿಟೇರಿಯನ್ ಸಭೆಯ ಜೇಮ್ಸ್ ಬ್ರೈಸ್. ಆಂಗ್ಲಿಕನ್ನರಿಗೆ ಬಿಷಪ್, ನಿಲುವಂಗಿ, ಪುಸ್ತಕ ನೋಡಿ ಹೇಳುವ ಪ್ರಾರ್ಥನೆ ಎಲ್ಲ ಬೇಕು. ಪ್ರೆಸ್ಬಿಟೇರಿಯನ್ನರಿಗೆ ಬಿಷಪ್ಪೇ ಬೇಡ. ಸಭೆ ನಡೆಸುವವರು ಹಿರಿಯರು, ಆರಾಧನೆಯಲ್ಲಿ ಮುಖ್ಯವಾದದ್ದು ಪ್ರಸಂಗ. ಸ್ಕಾಟರ ಚರ್ಚಿಗೆ 1815ರಲ್ಲಿ ಅಡಿಗಲ್ಲು ಬಿತ್ತು. ಚೂಪು ಗೋಪುರ ಕಟ್ಟುವ ಹಕ್ಕು ಆಂಗ್ಲಿಕನ್ನರದ್ದು ಮಾತ್ರ ಎಂದು ಬಿಷಪ್ ತಕರಾರು ತೆಗೆದರಂತೆ. ಬ್ರೈಸ್ ಬಿಡುವವರೇ? ನಿಮ್ಮ ಸೇಂಟ್ ಜಾನ್ಸ್ ಚರ್ಚಿಗಿಂತ ಎತ್ತರ ಕಟ್ಟುತ್ತೇನೆ, ಬಿಷಪ್ಪರ ತಲೆಯ ಮೇಲೆ ಕೂಗಲು ತುದಿಯಲ್ಲಿ ಹುಂಜವನ್ನೂ ಕೂರಿಸುತ್ತೇನೆ ಅಂದರಂತೆ. 1818ರಲ್ಲಿ ಚರ್ಚು ತೆರೆಯಿತು. ಮೇಲುಕೋಟೆಯ ತೆಂಗಲೆ–ವಡಗಲೆ ನಾಮದ ವ್ಯಾಜ್ಯ ಕೇಳಿ ಬೆಳೆದ ನಮ್ಮವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಆದರೆ ಈಗ ಆ ಎರಡೂ ಚರ್ಚುಗಳಿಗೆ ಒಬ್ಬರೇ ಬಿಷಪ್. 1970ರ ನವೆಂಬರ್ 29ರಂದು ನಾಗಪುರದಲ್ಲಿ ಆಂಗ್ಲಿಕನ್, ಪ್ರೆಸ್ಬಿಟೇರಿಯನ್, ಬ್ಯಾಪ್ಟಿಸ್ಟ್ ಮುಂತಾದ ಆರು ಸಭೆಗಳು ಸೇರಿ ಚರ್ಚ್ ಆಫ್ ನಾರ್ತ್ ಇಂಡಿಯಾ, ಅಂದರೆ ಸಿಎನ್‌ಐ ಆಯಿತು. ದಕ್ಷಿಣದವರು ಇದಕ್ಕಿಂತ ಮೊದಲೇ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ, ಸಿಎಸ್‌ಐ ಕಟ್ಟಿಕೊಂಡಿದ್ದರು. ಉತ್ತರದಲ್ಲಿ ತಡವಾದದ್ದಕ್ಕೆ ಕಾರಣಗಳು ಹಲವು. ಅದರಲ್ಲಿ ದೊಡ್ಡದು ದೀಕ್ಷಾಸ್ನಾನ. ಮಗುವಿದ್ದಾಗಲೇ ತಲೆಗೆ ನೀರು ಹಾಕಿದರೆ ಸಾಕು ಎನ್ನುವವರು ಒಂದು ಕಡೆ. ಬುದ್ಧಿ ಬಂದ ಮೇಲೆ ತಾನಾಗಿಯೇ ನಂಬಿ ನೀರಿನಲ್ಲಿ ಮುಳುಗಿ ಏಳಬೇಕು ಎನ್ನುವ ಬ್ಯಾಪ್ಟಿಸ್ಟರು ಇನ್ನೊಂದು ಕಡೆ. ಯಾರೂ ಯಾರನ್ನೂ ಒಪ್ಪಿಸಲಾಗಲಿಲ್ಲ. ಕೊನೆಗೆ ಎರಡು ಪದ್ಧತಿಯೂ ಇರಲಿ, ಒಂದನ್ನು ಇನ್ನೊಂದು ಹುಸಿ ಎನ್ನಬಾರದು ಎಂದು ಬರೆದುಕೊಂಡು ಒಂದಾದರು. ನನಗಂತೂ ಇದು ದೊಡ್ಡ ಕೆಲಸ ಅನಿಸುತ್ತದೆ. ಅಮೆರಿಕನ್ ಮಿಷನ್ನಿನ ಮೆಥಡಿಸ್ಟರು ಮಾತ್ರ ಕೊನೆಗಳಿಗೆಯಲ್ಲಿ ಹಿಂದೆ ಸರಿದರು. ನನ್ನ ಹೆಂಡತಿ ಬೀದರಿನ ಮೆಥಡಿಸ್ಟ್ ಮನೆಯವಳು. ಆ ವಿಷಯ ಎತ್ತಿದರೆ ಇವತ್ತಿಗೂ "ನಿಮ್ಮವರು ಕರೆದ ರೀತಿ ಸರಿ ಇರಲಿಲ್ಲ ಬಿಡ್ರಿ" ಅನ್ನುತ್ತಾಳೆ.

ನನ್ನ ಮನೆ ಉಡುಪಿಯ ಕಡೆ. ಕಿಟ್ಟೆಲ್ ಬಂದ ಬಾಸೆಲ್ ಮಿಷನ್ನಿನ ಸಭೆ ನಮ್ಮದು, ಈಗ ಸಿಎಸ್‌ಐ. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಬಂದೆ. ಮೊದಲ ಭಾನುವಾರ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ಗೆ ಹೋದೆವು. ಶಿಲುಬೆ ಹಿಡಿದು ಮೆರವಣಿಗೆ ಬಂತು, ಮೇಣದಬತ್ತಿ ಉರಿಯಿತು, ಆರ್ಗನ್ ಗುಡುಗಿತು. ಅಮ್ಮ ನನ್ನ ಕಿವಿಯಲ್ಲಿ, "ಇದು ನಮ್ಮ ಚರ್ಚೇ ಹೌದಾ, ಕ್ಯಾಥೊಲಿಕರದ್ದಾ?" ಅಂದರು. ಬಾಸೆಲ್ ಮಿಷನ್ನಿನ ಬಿಳಿ ಗೋಡೆ, ಜರ್ಮನ್ ರಾಗದ ಕನ್ನಡ ಕೀರ್ತನೆ, ಅಯ್ಯನವರ ಉದ್ದ ಪ್ರಸಂಗ ಇಷ್ಟೇ ಕಂಡವರು. ಆದರೆ ಕರ್ತನ ಭೋಜನಕ್ಕೆ ಮುಂಚೆ ಅಕ್ಕಪಕ್ಕದವರು ಕೈ ಹಿಡಿದು ಸಮಾಧಾನ ಹೇಳುವಾಗ ಬಂಗಾಳಿ ಅಜ್ಜಿಯೊಬ್ಬರು ಅಮ್ಮನ ಎರಡೂ ಕೈ ಹಿಡಿದುಕೊಂಡರು. ಇಬ್ಬರಿಗೂ ಸಮಾನ ಭಾಷೆ ಇಲ್ಲ. ಆಮೇಲಿನಿಂದ ಪ್ರತಿ ಭಾನುವಾರ ಅಮ್ಮ ಅದೇ ಬೆಂಚು ಹುಡುಕುತ್ತಿದ್ದರು.

ಮೇಣದಬತ್ತಿ, ಆರ್ಗನ್ನು, ಭಾಷೆ ಎಲ್ಲಕ್ಕೂ ಮನುಷ್ಯ ಒಗ್ಗಿಕೊಳ್ಳುತ್ತಾನೆ. ತೊಡಕು ಬಂದದ್ದು ಮಗಳಿಂದ.

ಅವಳು ಕಾಲೇಜು ಎರಡನೇ ವರ್ಷ. ಗೆಳತಿಯರ ಜೊತೆ ಪೆಂಟೆಕೋಸ್ಟಲ್ ಸಭೆಯೊಂದಕ್ಕೆ ಹೋಗಲು ಶುರು ಮಾಡಿದಳು. ಡ್ರಮ್ಸ್, ಗಿಟಾರ್, ಕೈ ಎತ್ತಿ ಹಾಡುವುದು. ಅದರ ಬಗ್ಗೆ ನನಗೇನೂ ಆಕ್ಷೇಪವಿರಲಿಲ್ಲ. ಡಿಸೆಂಬರಿನ ಒಂದು ರಾತ್ರಿ ಊಟಕ್ಕೆ ಕೂತಾಗ, "ಅಪ್ಪ, ನಾನು ದೀಕ್ಷಾಸ್ನಾನ ತಗೊಳ್ತೇನೆ. ಮುಳುಗಿ" ಅಂದಳು.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಕೇಳಿದರು: "ನಿನಗೆ ಆಗಿದೆಯಲ್ಲ ಮಾರಾಯ್ತಿ? ನಿನ್ನನ್ನು ಎತ್ತಿಕೊಂಡು ನಿಂತದ್ದು ನಾನು. ಅದು ಲೆಕ್ಕಕ್ಕೇ ಇಲ್ವಾ?"

"ಅದು ನೀವು ಮಾಡಿದ್ದು ಅಜ್ಜಿ, ನಾನು ಮಾಡಿದ್ದಲ್ಲ."

ಆ ರಾತ್ರಿ ಅಮ್ಮ ಮೊಸರನ್ನ ಅರ್ಧಕ್ಕೇ ಬಿಟ್ಟು ಎದ್ದರು.

ಮಗಳು ತಯಾರಾಗಿಯೇ ಬಂದಿದ್ದಳು. ಅಡೊನಿರಾಮ್ ಜಡ್ಸನ್ ಎಂಬ ಅಮೆರಿಕನ್ ಮಿಷನರಿಯ ಕತೆ ತೆಗೆದಳು. 1812ರಲ್ಲಿ ಇಲ್ಲಿಗೆ ಹಡಗಿನಲ್ಲಿ ಬರುತ್ತಾ ಓದಿ ಓದಿ, ಮಗುವಿದ್ದಾಗ ಆದ ಸ್ನಾನ ಸಾಲದು ಎಂದು ಅವನಿಗೆ ಅನಿಸಿತು. ಲಾಲ್‌ಬಜಾರಿನ ಬ್ಯಾಪ್ಟಿಸ್ಟ್ ಚಾಪೆಲ್‌ನಲ್ಲಿ ಮುಳುಗಿ ಸ್ನಾನ ಪಡೆದ. ಕಳಿಸಿದ ಸಂಘದ ನಂಟು ಬಿಡಬೇಕಾಯಿತು. "ನಿಮ್ಮ ಆಫೀಸಿನ ಹತ್ತಿರವೇ ಅಲ್ವಾ ಅಪ್ಪ ಅದು?" ಎಂದಳು. ಹತ್ತಿರವೇ.

ನನ್ನಲ್ಲೂ ಒಂದು ಕತೆ ಇತ್ತು. ಆ ಚಾಪೆಲ್‌ನವರಿಗೆ ಬೇಕಾದ ವಿಲಿಯಂ ಕೇರಿ ಕೂಡ ಬ್ಯಾಪ್ಟಿಸ್ಟನೇ. ಇಲ್ಲಿಂದ ಹತ್ತಿರದ ಸೆರಾಂಪುರದಲ್ಲಿ 1817ರಲ್ಲಿ ಕನ್ನಡದ ವ್ಯಾಕರಣ ಅಚ್ಚು ಹಾಕಿಸಿದ ಮನುಷ್ಯ. ಎಲ್ಲ ಪಂಗಡದ ಮಿಷನರಿಗಳೂ 1810ರಲ್ಲಿ ಗುಡ್‌ಹೋಪ್ ಭೂಶಿರದಲ್ಲಿ ಒಟ್ಟಿಗೆ ಕೂತು ಮಾತಾಡೋಣ ಎಂದು 1806ರಲ್ಲೇ ಊರಿಗೆ ಬರೆದಿದ್ದ. ಇಂಗ್ಲೆಂಡಿನ ಅವನ ಗೆಳೆಯರು ಅದನ್ನು ಕನಸು ಎಂದು ಪಕ್ಕಕ್ಕಿಟ್ಟರು. ಅವನು ಕಟ್ಟಿದ ಸೆರಾಂಪುರ ಕಾಲೇಜಿನ ಹೆಸರಿನ ಪದವಿಯನ್ನೇ ಇವತ್ತು ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಓದುವ ನಮ್ಮ ಅಯ್ಯನವರೂ ಪಡೆಯುತ್ತಾರೆ. ಮುಳುಗಿಸುವವರ ಕಾಲೇಜಿನ ಪದವಿ ಹಿಡಿದು ನಮ್ಮವರು ಮಕ್ಕಳ ತಲೆಗೆ ನೀರು ಹಾಕುತ್ತಾರೆ. ಇದನ್ನು ಹೇಳಿದಾಗ ಮಗಳು ನಕ್ಕಳು. ಆದರೆ ಮನಸ್ಸು ಬದಲಿಸಲಿಲ್ಲ.

ನಮ್ಮ ಸಭಾಪಾಲಕರನ್ನು ಕೇಳಿದೆ. ಎರಡು ದಾರಿಯೂ ನಮ್ಮಲ್ಲಿ ಉಂಟು, ಆದರೆ ಒಬ್ಬರಿಗೇ ಎರಡು ಸಲ ಎಂಬುದು ಕಷ್ಟದ ಪ್ರಶ್ನೆ ಅಂದರು. ನನಗೆ ನೋವಾದದ್ದೂ ಅಲ್ಲೇ. ಅವಳು ಮುಳುಗುವುದರ ಬಗ್ಗೆ ನನ್ನ ಜಗಳವಿಲ್ಲ. ಮುಳುಗಬೇಕಾದರೆ ಮೊದಲಿನದ್ದು ಆಗಲೇ ಇಲ್ಲ ಎನ್ನಬೇಕಾಗುತ್ತದಲ್ಲ, ಅದು. ನಾಗಪುರದಲ್ಲಿ ಆರು ಸಭೆಗಳು ಹೇಳದೆ ಬಿಟ್ಟ ಮಾತನ್ನು ನನ್ನ ಊಟದ ಮೇಜಿನ ಮೇಲೆ ಮಗಳು ಹೇಳಿಬಿಟ್ಟಿದ್ದಳು. ಅದನ್ನೇ ಅವಳಿಗೆ ಹೇಳಿದೆ. ನೀನು ಏನೇ ಮಾಡು, ಅಜ್ಜಿಯದ್ದು ಸುಳ್ಳು ಎಂದು ಮಾತ್ರ ಎಲ್ಲೂ ಸಾಕ್ಷಿ ಹೇಳಬೇಡ. ಅವಳು ತುಂಬಾ ಹೊತ್ತು ಸುಮ್ಮನಿದ್ದು, ಯೋಚಿಸುತ್ತೇನೆ ಅಂದಳು.

ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ವಾರ. ಆ ವಾರದ ಭಾನುವಾರ ಅಮ್ಮ ಬೆಳಿಗ್ಗೆಯೇ ಸೀರೆ ಉಟ್ಟು ಕೂತಿದ್ದರು. ಇವತ್ತು ಮೊಮ್ಮಗಳ ಸಭೆಗೆ ಹೋಗುವ ಅಂದರು. ಎರಡು ಗಂಟೆ ಡ್ರಮ್ಸ್ ಹೊಡೆತಕ್ಕೆ ಸೆರಗನ್ನು ಕಿವಿಗೆ ಒತ್ತಿಕೊಂಡು ಕೂತರು. ಕೈ ಎತ್ತಲಿಲ್ಲ, ಎದ್ದು ಹೊರಗೂ ಹೋಗಲಿಲ್ಲ.

ವಾಪಸ್ ಬರುವಾಗ ಟ್ಯಾಕ್ಸಿಯಲ್ಲಿ ಯಾರೂ ಮಾತಾಡಲಿಲ್ಲ. ರವೀಂದ್ರ ಸದನ ದಾಟಿದ ಮೇಲೆ ಅಮ್ಮ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದರು:

"ಆ ನೀರು ತಣ್ಣಗಿರ್ತದಾ? ಅವಳಿಗೆ ಬೇಗ ಶೀತ ಆಗ್ತದೆ."