ತೋಟಕ್ಕೂ ಸೈ, ರಾತ್ರಿ ತಂಗೋದಕ್ಕೂ ಸೈ: ಫೋರ್ ಬೈ ಫೋರ್ ಪಿಕಪ್ ಹೀಗಿರಲಿ

ಕಳೆದ ಆಷಾಢದ ಮಾತು. ಸಕಲೇಶಪುರದ ಕಡೆಯ ನರ್ಸರಿಯಿಂದ ಕಾಳುಮೆಣಸಿನ ಸಸಿ ತುಂಬಿಕೊಂಡು ಬರ್ತಿದ್ದೆ. ಟಾರು ರಸ್ತೆ ಮುಗಿದು ತೋಟದ ಮಣ್ಣಿನ ಏರು ಹತ್ತುವಾಗ ಹಿಂದಿನ ಚಕ್ರ ಜಾರಿ, ಪಿಕಪ್ ಚರಂಡಿ ಕಡೆಗೆ ವಾಲಿತು. ಪಕ್ಕದ ಸೀಟಲ್ಲಿ ಆರು ವರ್ಷದ ಮಗಳು. ಒಂದು ಸಿಲ್ವರ್ ಓಕ್ ಮರ ಅಡ್ಡ ಸಿಕ್ಕಿದ್ದರಿಂದ ಪಲ್ಟಿ ಆಗಲಿಲ್ಲ.

ಗಾಡಿ ಫೋರ್ ಬೈ ಫೋರ್, ಟೈರೂ ಚೆನ್ನಾಗಿತ್ತು. ತಪ್ಪು ನನ್ನದೇ. ವಿಡಿಯೋ ನೋಡಿ ಆಸೆಪಟ್ಟು ಚಾವಣಿ ಮೇಲೆ 60 ಕೆ.ಜಿ. ಟೆಂಟು, ಪಕ್ಕದಲ್ಲಿ ತಲಾ 20 ಲೀಟರಿನ ಎರಡು ನೀರಿನ ಕ್ಯಾನ್ ಕಟ್ಟಿಸಿದ್ದೆ. ಅಂದರೆ ತಲೆ ಮೇಲೆ ಒಂದು ಕ್ವಿಂಟಲ್! ಗಾಡಿ ಎಳೆಸೋಕೆ ಬಂದ ಅಪ್ಪ ಕೇಳಿದ್ದು ಒಂದೇ ಮಾತು: "ತಲೆ ಮೇಲೆ ಮೂಟೆ ಹೊತ್ಕೊಂಡು ಗದ್ದೆ ಬದು ಮೇಲೆ ಯಾರಾದ್ರೂ ಓಡ್ತಾರೇನೋ?"

ಬೀಜ ಮೇಳ, ನರ್ಸರಿ, ದೂರದ ಗ್ರಾಹಕರು ಅಂತ ಓಡಾಡುವ ಬೆಳೆಗಾರರು ಈಗ ಹೆಚ್ಚಾಗಿದ್ದಾರೆ. ಲಾಡ್ಜ್ ಖರ್ಚು ಉಳಿಸೋಕೆ ಗಾಡಿಯಲ್ಲೇ ಮಲಗುವ ವ್ಯವಸ್ಥೆ ಬಗ್ಗೆ ಹಲವರು ಕೇಳುತ್ತಿರುತ್ತಾರೆ. ನಾನು ದುಡ್ಡು ಕಳೆದು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ದಾರಿ ನೋಡಿ, ಆಮೇಲೆ ಗಾಡಿ

ನಿಮ್ಮ ದಾರಿಯ ಅತಿ ಕೆಟ್ಟ ಕಾಲು ಕಿಲೋಮೀಟರ್ ಯಾವುದು, ಅದು ಮಳೆಗಾಲದಲ್ಲಿ ಹೇಗಿರುತ್ತೆ ಅಂತ ನೋಡಿ. ಬರೀ ಕಲ್ಲು-ಗುಂಡಿಯಾದರೆ ಎತ್ತರದ ಮಾಮೂಲಿ ಪಿಕಪ್ ಸಾಕು. ಕೆಸರಿನ ಕಡಿದಾದ ಏರಿದ್ದರೆ ಮಾತ್ರ ಲೋ ರೇಂಜ್ ಗೇರ್ ಇರುವ ಫೋರ್ ಬೈ ಫೋರ್ ಬೇಕು. ಫೋರ್ ಬೈ ಫೋರ್ ಥಾರ್, ಜಿಮ್ನಿ, ಗೂರ್ಖಾಗಳಲ್ಲೂ ಈ ಗೇರ್ ಇದೆ. ಆದರೆ ಸಸಿ, ಗೊಬ್ಬರ ಹೊರೋದಕ್ಕೆ ಪಿಕಪ್ಪೇ ಸರಿ. ಬೊಲೆರೊ ಕ್ಯಾಂಪರ್ ಹೆಸರು ಕೇಳಿ ಮೋಸ ಹೋಗಬೇಡಿ. ಅದು ಡಬಲ್ ಕ್ಯಾಬಿನ್ ಪಿಕಪ್, ಒಳಗೆ ಮಂಚ ಇರೋದಿಲ್ಲ. ಕ್ಯಾಂಪರ್ ಆಗಲಿ, ಇಸುಜು ವಿ-ಕ್ರಾಸ್ ಆಗಲಿ, ಎಲ್ಲಾ ಮಾದರಿಗಳಲ್ಲೂ ಫೋರ್ ಬೈ ಫೋರ್ ಬರೋದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಲೋ ರೇಂಜ್ ಹಾಕಿ ಏರು ಹತ್ತಿಸಿ ನೋಡಿಯೇ ಮುಂಗಡ ಕೊಡಿ.

ತೂಕದ ಲೆಕ್ಕ ಬರೆದಿಡಿ

ಗಾಡಿಗೆ ಅನುಮತಿ ಇರುವ ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ ಉಳಿಯೋದು ನಿಮ್ಮ ಪಾಲು. ಜನರೂ ಅದರಲ್ಲೇ ಸೇರುತ್ತಾರೆ. ನನ್ನ ಲೆಕ್ಕ ಇದು: ಮೂರು ಜನ 170 ಕೆ.ಜಿ., 60 ಲೀಟರ್ ನೀರು 60 ಕೆ.ಜಿ., ಪ್ಲೈವುಡ್ ಮಂಚ ಮತ್ತು ಹಾಸಿಗೆ 70, ಬ್ಯಾಟರಿ-ಒಲೆ-ಪಾತ್ರೆ 40. ಒಟ್ಟು 340 ಕೆ.ಜಿ. ಇನ್ನೂ ಒಂದು ಸಸಿಯನ್ನೂ ಹತ್ತಿಸಿಲ್ಲ! ಎಲ್ಲಾ ಹೇರಿದ ಮೇಲೆ ಒಮ್ಮೆ ವೇಬ್ರಿಡ್ಜ್‌ನಲ್ಲಿ ತೂಗಿಸಿ. ಭಾರದ್ದೆಲ್ಲ ತಳದಲ್ಲಿ, ಆದಷ್ಟೂ ಕ್ಯಾಬಿನ್ ಹತ್ತಿರ ಇರಲಿ. ಚಾವಣಿ ಮೇಲೆ ಟಾರ್ಪಾಲ್‌ನಂಥ ಹಗುರ ಸಾಮಾನು ಮಾತ್ರ.

ಮಂಚ ಬಿಚ್ಚುವಂತಿರಲಿ

ವೆಲ್ಡಿಂಗ್ ಬೇಡ. ಮೂರು ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಬೋಲ್ಟಲ್ಲಿ ಕೂರಿಸಿ. ಒಳಗೆ ಸಾಮಾನು, ಮೇಲೆ ಹಾಸಿಗೆ. ಸುಗ್ಗಿ ಬಂದಾಗ ಇಬ್ಬರು ಸೇರಿ ಬಿಚ್ಚಿಟ್ಟರೆ ಪಿಕಪ್ ಮತ್ತೆ ದುಡಿಮೆಗೆ ಸಿದ್ಧ. ನನ್ನ ಗಾಡಿಯ ಹಿಂದಿನ ಬಾಡಿ ಸುಮಾರು ಐದಡಿ. ಹಿಂಬಾಗಿಲು ಇಳಿಸಿ ಮೇಲೆ ಟಾರ್ಪಾಲ್ ಇಳಿಬಿಟ್ಟರೆ ಕಾಲು ಚಾಚಬಹುದು. ಗಾಡಿ ಓಡುವಾಗ ಮಾತ್ರ ಅಲ್ಲಿ ಯಾರನ್ನೂ ಕೂರಿಸಬೇಡಿ.

ಕಾನೂನೂ ಗೊತ್ತಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಶಾಶ್ವತ ಬದಲಾವಣೆಗೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಕರೆಂಟು ಎಷ್ಟು ಬೇಕು?

45 ವ್ಯಾಟಿನ ಚಿಕ್ಕ ಫ್ರಿಜ್ ಅರ್ಧ ದಿನ ಓಡಿದರೆ 540 ವ್ಯಾಟ್-ಅವರ್. 20 ವ್ಯಾಟಿನ ಫ್ಯಾನ್ ಎಂಟು ಗಂಟೆಗೆ 160. ಎಲ್‌ಇಡಿ ದೀಪಕ್ಕೆ 25. ಫ್ರಿಜ್ ಕೈಬಿಟ್ಟರೆ ರಾತ್ರಿಗೆ 185 ಸಾಕು! 12 ವೋಲ್ಟಿನ 40 ಆಂಪ್-ಅವರ್ ಲಿಥಿಯಂ ಬ್ಯಾಟರಿಯ ಶೇ. 80 ಬಳಸಿದರೂ ಎರಡು ರಾತ್ರಿ ಸಾಗುತ್ತೆ. ಸ್ವಂತ ತರಕಾರಿ ಇರುವ ನಮಗೆ ಫ್ರಿಜ್ ಯಾಕೆ ಹೇಳಿ? ಮಲೆನಾಡಿನ ಮಳೆಗಾಲದಲ್ಲಿ ಸೋಲಾರ್ ನಂಬಬೇಡಿ. ಇಂಜಿನ್ ಓಡುವಾಗ ಚಾರ್ಜ್ ಆಗುವಂತೆ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲೇಬೇಕು.

ಒಲೆ ಹೊರಗೇ

ಎಷ್ಟೇ ಮಳೆ ಬರಲಿ, ಚಳಿ ಇರಲಿ, ಮುಚ್ಚಿದ ಗಾಡಿಯೊಳಗೆ ಗ್ಯಾಸ್ ಒಲೆ ಹಚ್ಚಬೇಡಿ, ಕೆಂಡ ಇಟ್ಟುಕೊಂಡು ಮಲಗಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತೆ.

ಟೈರಿನ ಗಾಳಿ, ಟೈರಿನ ಮಣ್ಣು

ಗಾಡಿ ಹಗುರ ಇದ್ದಾಗ ಕೆಸರಲ್ಲಿ ಗಾಳಿಯನ್ನು 32ರಿಂದ 22 ಪಿಎಸ್‌ಐಗೆ ಇಳಿಸಿದರೆ ಹಿಡಿತ ಹೆಚ್ಚುತ್ತೆ. ಹೊರೆ ಇದ್ದಾಗ ಅಷ್ಟು ಇಳಿಸಬೇಡಿ. ಟಾರು ರಸ್ತೆಗೆ ಬರುವ ಮೊದಲು ಮತ್ತೆ ತುಂಬಿಸೋಕೆ ಚಿಕ್ಕ ಕಂಪ್ರೆಸರ್ ಜೊತೆಗಿರಲಿ. ಒಣ ಟಾರಿನ ಮೇಲೆ ಫೋರ್ ವೀಲ್ ಹಾಕಿ ಓಡಿಸಬೇಡಿ.

ಇನ್ನೊಂದು ಮಾತು ಬೆಳೆಗಾರರಿಗೆ ಮಾತ್ರ. ಶುಂಠಿಯ ದುಂಡಾಣು ಸೊರಗು ರೋಗ, ಬಾಳೆಯ ಪನಾಮ ಸೊರಗು ರೋಗ ಎರಡೂ ಮಣ್ಣಿನ ಜೊತೆ ಪ್ರಯಾಣ ಮಾಡುತ್ತವೆ. ಬೇರೆ ತೋಟಕ್ಕೆ ಹೋಗಿ ಬಂದರೆ ಗೇಟಿನಾಚೆಯೇ ಬ್ರಷ್ ಹಾಕಿ ಟೈರು ತೊಳೆದು ಒಳಗೆ ಬನ್ನಿ. ಹಸಿ ಹೊಲಕ್ಕಂತೂ ಗಾಡಿ ಇಳಿಸಲೇಬೇಡಿ. ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರು ಸಿಗೋದಿಲ್ಲ. ಮೀಸಲು ಅರಣ್ಯಕ್ಕೂ ಅನುಮತಿ ಇಲ್ಲದೆ ನುಗ್ಗಬೇಡಿ.

ಆ ಟೆಂಟನ್ನು ಅರ್ಧ ಬೆಲೆಗೆ ಮಾರಿದೆ. ಬಂದ ದುಡ್ಡಲ್ಲಿ ಕಂಪ್ರೆಸರ್, ಎಳೆಯೋ ಹಗ್ಗ, ಪ್ಲೈವುಡ್ ಪೆಟ್ಟಿಗೆ ಎಲ್ಲಾ ಆಯ್ತು. ಮೊನ್ನೆ ಅದೇ ಏರು ಹತ್ತುವಾಗ ಮಗಳು ಕೇಳಿದಳು: "ಈ ಸಲ ತಲೆ ಮೇಲೆ ಏನೂ ಇಲ್ಲ ತಾನೆ?" ನೀವೂ ಹೊರಡುವ ಮುಂಚೆ ಒಂದು ಸಲ ಮೇಲೆ ನೋಡಿಕೊಳ್ಳಿ.