ಕಳವಿನ ಚಿತ್ರವೂ ನೋಟಕರ ಅಭಿಪ್ರಾಯವೂ

ಚಲನಚಿತ್ರವೊಂದನ್ನು ನೋಡಿ ಹೊರಬಂದವರು ಆಡುವ ಮೊದಲ ಮಾತು ವಿಮರ್ಶೆಯೆನಿಸಿಕೊಳ್ಳಲಾರದು. ಆದರೆ ವಿಮರ್ಶಕನಾದವನು ಅದನ್ನು ಕಡೆಗಣಿಸುವಂತೆಯೂ ಇಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಕಡೆ ಅಂಥ ಮಾತುಗಳಲ್ಲಿ ಎರಡು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು, 'ಎಳೀತದೆ' ಎಂಬುದು. ಇನ್ನೊಂದು, 'ಬರೀ ಸ್ಟೈಲು' ಎಂಬುದು. ಎರಡನೆಯದನ್ನು ಮೆಚ್ಚುಗೆಗೂ ಹಳಿಯುವುದಕ್ಕೂ ಬಳಸುವುದುಂಟು. ಯಾವುದೆಂಬುದು ಹೇಳುವವರ ದನಿಯಿಂದಲೇ ತಿಳಿಯಬೇಕು. 'ನಿಯೊ-ನ್ವಾರ್' ಎಂದು ಕರೆಯಲ್ಪಡುವ ಜಾತಿಯ ಚಿತ್ರಗಳು, ಅದರಲ್ಲಿಯೂ ಕಳವೊಂದರ ಸುತ್ತ ಹೆಣೆದವು, ಈ ಎರಡು ಮಾತುಗಳಿಗೆ ವಿಶೇಷವಾಗಿ ಗುರಿಯಾಗುತ್ತವೆ. ಅದೇಕೆ ಹೀಗೆ ಎಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

'ನ್ವಾರ್' ಎಂದರೆ ಫ್ರೆಂಚ್ ಭಾಷೆಯಲ್ಲಿ ಕಪ್ಪು. ಯುದ್ಧಾನಂತರ ಒಟ್ಟಿಗೇ ಪ್ಯಾರಿಸಿಗೆ ಬಂದ ಅಮೆರಿಕದ ಕೆಲವು ಅಪರಾಧಚಿತ್ರಗಳನ್ನು ಕಂಡು ವಿಮರ್ಶಕ ನಿನೊ ಫ್ರಾಂಕ್ ೧೯೪೬ರಲ್ಲಿ ಈ ವಿಶೇಷಣವನ್ನು ಅವುಗಳಿಗೆ ಅನ್ವಯಿಸಿದನು. ಕಪ್ಪು ಎಂಬುದು ಬೆಳಕಿನ ಮಾತೂ ಹೌದು, ನೀತಿಯ ಮಾತೂ ಹೌದು. ಮುಖದ ಅರ್ಧ ನೆರಳಿನಲ್ಲಿರುವಂತೆ ಪಾತ್ರದ ಅಂತರಂಗವೂ ಅರ್ಧ ನೆರಳಿನಲ್ಲಿಯೇ ಉಳಿಯುತ್ತದೆ. ಕಳವಿನ ಚಿತ್ರದ ಸ್ವಭಾವ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಎಲ್ಲವೂ ಲೆಕ್ಕಾಚಾರ: ಯಾರು ಯಾವ ಬಾಗಿಲಿನಲ್ಲಿ ನಿಲ್ಲಬೇಕು, ಕಾವಲುಗಾರ ಎಷ್ಟು ಹೊತ್ತಿಗೆ ತಿರುಗುತ್ತಾನೆ, ಬೀಗ ಎಂಥದು. ಜೂಲ್ಸ್ ದಾಸಿನ್‌ನ 'ರಿಫಿಫಿ' (೧೯೫೫) ಚಿತ್ರದಲ್ಲಿ ಸುಮಾರು ಅರ್ಧ ಗಂಟೆಯ ಕಾಲ ಮಾತಿಲ್ಲ, ಸಂಗೀತವಿಲ್ಲ, ಕನ್ನ ಕೊರೆಯುವ ಕೆಲಸವೊಂದೇ. ನೋಟಕನು ಕೆಲಸಗಾರನನ್ನು ನೋಡುವಂತೆ ಕಳ್ಳನನ್ನು ನೋಡುತ್ತಾನೆ. ಮುಂದೆ ೧೯೯೨ರಲ್ಲಿ ಟ್ಯಾರಂಟಿನೊ ತನ್ನ 'ರಿಸರ್ವಾಯರ್ ಡಾಗ್ಸ್' ಚಿತ್ರದಲ್ಲಿ ದರೋಡೆಯನ್ನು ತೋರಿಸದೆಯೇ ಬಿಟ್ಟು, ಅದರ ಮುಂಚಿನ ಹಾಗೂ ಅನಂತರದ ಮಾತುಕತೆಗಳಿಂದಲೇ ಚಿತ್ರವನ್ನು ಕಟ್ಟಿದನು. ಸ್ಪಷ್ಟತೆಯನ್ನು ಬಯಸುವ ಕಥೆಯೊಂದು, ಅಸ್ಪಷ್ಟತೆಯನ್ನು ಬಯಸುವ ಶೈಲಿಯೊಂದು. ಇವೆರಡನ್ನೂ ಒಂದೇ ನೊಗಕ್ಕೆ ಕಟ್ಟಿದಾಗ ನೋಟಕರಲ್ಲಿ ಒಡಕುಂಟಾಗುವುದು ಸಹಜವೇ ಆಗಿದೆ.

ಈ ಅಭಿರುಚಿ ಪರದೇಶದಿಂದ ಬಂದುದು, ನಮ್ಮ ಹಳ್ಳಿಗಳಿಗೆ ಒಗ್ಗದು ಎಂದು ಕೆಲವರು ವಾದಿಸುವುದುಂಟು. ಈ ವಾದವನ್ನು ನಾವು ಒಪ್ಪಲಾರೆವು. ಶೂದ್ರಕನ 'ಮೃಚ್ಛಕಟಿಕ'ದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನ ಹಾಕುವಾಗ ಯಾವ ಆಕೃತಿಯ ಕನ್ನ ಗೋಡೆಗೆ ಒಪ್ಪುತ್ತದೆಂದು ಶಿಲ್ಪಿಯಂತೆ ಚಿಂತಿಸುತ್ತಾನೆ. ಅಳತೆಯ ದಾರವನ್ನು ಮರೆತು ಬಂದುದರಿಂದ ಜನಿವಾರವನ್ನೇ ಅಳತೆಗೆ ಬಳಸುತ್ತಾನೆ. ಶೈಲಿಯ ಕಳವೆಂದರೆ ಇದಕ್ಕಿಂತ ಬೇರೆ ಯಾವುದು? ಇದೇ ನಾಟಕವನ್ನು ಆಧರಿಸಿ ಗಿರೀಶ ಕಾರ್ನಾಡರು ನಿರ್ದೇಶಿಸಿದ 'ಉತ್ಸವ್' (೧೯೮೪) ಎಂಬ ಹಿಂದಿ ಚಿತ್ರದಲ್ಲಿ ಕಳ್ಳನ ಪಾತ್ರವನ್ನು ವಹಿಸಿದವರು ಶಂಕರನಾಗ್.

ಕನ್ನಡದಲ್ಲಿಯೇ ಹುಡುಕುವುದಾದರೆ 'ವಡ್ಡಾರಾಧನೆ'ಯ ವಿದ್ಯುಚ್ಚೋರನ ಕಥೆಯಿದೆ. ವಿದ್ಯುಚ್ಚೋರ, ಯಮದಂಡ ಇಬ್ಬರೂ ಬಾಲ್ಯದ ಗೆಳೆಯರು. ಒಬ್ಬನು ಚೋರವಿದ್ಯೆಯನ್ನೂ ಇನ್ನೊಬ್ಬನು ಕಳ್ಳರನ್ನು ಹಿಡಿಯುವ ವಿದ್ಯೆಯನ್ನೂ ಕಲಿಯುತ್ತಾರೆ. ಕಾಲಾಂತರದಲ್ಲಿ ಯಮದಂಡನು ಮಿಥಿಲೆಯ ತಳವಾರನಾಗುತ್ತಾನೆ. ವಿದ್ಯುಚ್ಚೋರನು ಅದೇ ಪಟ್ಟಣದಲ್ಲಿ ಹಗಲೆಲ್ಲ ಕುಷ್ಠರೋಗಿಯ ವೇಷದಲ್ಲಿದ್ದು ಇರುಳಿನಲ್ಲಿ ಕಳವು ನಡೆಸುತ್ತಾನೆ. ಅರಸನ ಹಾರವನ್ನೇ ಕದಿಯುತ್ತಾನೆ. ಹಿಡಿದು ಹಿಂಸಿಸಿದರೂ ಬಾಯಿಬಿಡದವನು, ಅರಸನು ಅಭಯವಿತ್ತ ಮೇಲೆಯೇ ನಿಜವನ್ನು ಹೇಳುತ್ತಾನೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಕಳ್ಳನಾರೆಂಬುದು ಕೇಳುಗನಿಗೆ ಮೊದಲೇ ತಿಳಿದಿದೆ, ತಿಳಿಯದಿರುವುದು ಅರಸನಿಗೆ. ಆದುದರಿಂದ ಕೇಳುಗನು ಗೊಂದಲಕ್ಕೀಡಾಗದೆ ಚಾತುರ್ಯವನ್ನು ಸವಿಯುತ್ತಾನೆ. ಆ ಕಳ್ಳನೇ ಕಡೆಗೆ ತಪಸ್ಸಿಗೆ ಹೋಗುವನಾದ್ದರಿಂದ ನೀತಿಯ ಪ್ರಶ್ನೆಯೂ ಅವನನ್ನು ಕಾಡುವುದಿಲ್ಲ.

ಹೇಮಂತ್ ಎಂ. ರಾವ್ ಅವರ 'ಕವಲುದಾರಿ' (೨೦೧೯) ಇದಕ್ಕೆ ಪ್ರತಿಯಾದ ಕ್ರಮವನ್ನು ಅನುಸರಿಸುತ್ತದೆ. ಮೆಟ್ರೊ ಕಾಮಗಾರಿಗಾಗಿ ಅಗೆದಲ್ಲಿ ಅಸ್ಥಿಗಳು ದೊರೆಯುತ್ತವೆ. ಸಂಚಾರ ವಿಭಾಗದ ಪೋಲೀಸನೊಬ್ಬನು ತನ್ನದಲ್ಲದ ಆ ಪ್ರಕರಣದ ಬೆನ್ನುಹತ್ತುತ್ತಾನೆ. ದಾರಿ ತುರ್ತು ಪರಿಸ್ಥಿತಿಯ ಕಾಲಕ್ಕೂ, ಪುರಾತತ್ತ್ವ ಅಧಿಕಾರಿಯೊಬ್ಬನ ಮೇಲೆ ಬಂದ ನಿಧಿಯ ಕಳವಿನ ಆರೋಪಕ್ಕೂ ಹೋಗಿ ಮುಟ್ಟುತ್ತದೆ. ರಿಷಿ ಆ ಪೋಲೀಸನಾಗಿಯೂ ಅನಂತನಾಗ್ ನಿವೃತ್ತ ಅಧಿಕಾರಿ ಮುತ್ತಣ್ಣನಾಗಿಯೂ ಅಭಿನಯಿಸಿದ್ದಾರೆ. ಕಳವು ಇಲ್ಲಿ ನಮ್ಮ ಕಣ್ಣೆದುರಿಗೆ ನಡೆಯುವುದಿಲ್ಲ. ನಾಲ್ಕು ದಶಕಗಳ ಹಿಂದೆ ನಡೆದುಹೋದ ಅದರ ಕುರುಹುಗಳು ಮಾತ್ರ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಕಳ್ಳನ ಕೈಚಳಕವನ್ನು ನೋಡಬಯಸಿ ಹೋದವನಿಗೆ ಚಿತ್ರ 'ಎಳೆಯುತ್ತದೆ'. ಶೋಧನೆಯನ್ನು ಬಯಸಿದವನಿಗೆ ಅದೇ ನಿಧಾನಗತಿ ರಸದ ಮೂಲವಾಗುತ್ತದೆ. ಒಂದೇ ಗುಣದ ಬಗ್ಗೆ ಎರಡು ತೀರ್ಪುಗಳು ಹುಟ್ಟುವುದು ಹೀಗೆ. ಹುಣಸೂರಿನ ಹಿರಿಯರಿಗಂತೂ ಈ ಕಥೆಯ ಕಾಲ ಕೇವಲ ಕಥೆಯ ಕಾಲವಲ್ಲ. ತುರ್ತು ಪರಿಸ್ಥಿತಿಯಲ್ಲಿ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ದೇವರಾಜ ಅರಸರು ಅವರ ಕ್ಷೇತ್ರದವರೇ. ಅಂಥ ಹಿರಿಯರೂ ಕಾಲೇಜಿನ ತರುಣರೂ ನೋಡುವುದು ಒಂದೇ ಚಿತ್ರವನ್ನಾದರೂ ಅದರಲ್ಲಿ ಕಾಣುವುದು ಒಂದೇ ಅಲ್ಲವೆಂದು ಊಹಿಸಬಹುದು.

ಶೈಲಿಯ ಮೇಲಣ ಆಕ್ಷೇಪಕ್ಕೆ ಇನ್ನೊಂದು ಕಾರಣವುಂಟು. ಅಪರಾಧವನ್ನು ವೈಭವೀಕರಿಸಬಾರದು, ಅಪರಾಧವನ್ನು ಪ್ರಚೋದಿಸುವಂತೆ ಅಪರಾಧಿಗಳ ಕಾರ್ಯವಿಧಾನವನ್ನು ತೋರಿಸಬಾರದು ಎಂಬುದು ೧೯೫೨ರ ಚಲನಚಿತ್ರ ಅಧಿನಿಯಮದ ಮೇರೆಗೆ ೧೯೯೧ರಲ್ಲಿ ಹೊರಡಿಸಿದ ಮಾರ್ಗಸೂತ್ರಗಳ ಆಶಯ. ಕಳವಿನ ವಿಧಾನವೇ ಜೀವಾಳವಾದ ಕಥೆಗೆ ಇದು ದೊಡ್ಡ ಅಡಚಣೆ. ವಿಧಾನವನ್ನು ಬಿಡಿಸಿ ಹೇಳಲು ಹಿಂಜರಿಯುವ ನಿರ್ದೇಶಕನು ವಾತಾವರಣವನ್ನು ದಟ್ಟವಾಗಿಸುತ್ತಾನೆ: ಮಳೆ, ದೀಪ, ಸಿಗರೇಟಿನ ಹೊಗೆ. ನೋಟಕನು 'ಬರೀ ಸ್ಟೈಲು' ಎನ್ನುವಾಗ ಅವನು ಗುರುತಿಸುತ್ತಿರುವುದು ಬಹುಶಃ ಈ ಕೊರತೆಯನ್ನೇ. ಆ ಮಾತನ್ನು ಅರಸಿಕತೆಯೆಂದು ತಳ್ಳಿಹಾಕುವ ವಿಮರ್ಶಕರಿಗಿಂತ ಅವನ ಕಣ್ಣು ಚುರುಕಾದುದೆಂದು ನಮಗೆ ತೋರುತ್ತದೆ.

ಇಷ್ಟಾದರೂ ಈ ತಾಲ್ಲೂಕುಗಳ ಅಭಿಪ್ರಾಯ ಎಲ್ಲಿ ದಾಖಲಾಗುತ್ತದೆ? ಉದ್ಯಮವು ಅದನ್ನು ಟಿಕೆಟ್ಟಿನ ಹಣದಿಂದ ಅಳೆಯುತ್ತದೆ. ಆದರೆ ಹಣದ ಲೆಕ್ಕದಲ್ಲಿ ಋತುವಿನ ಲೆಕ್ಕವೂ ಬೆರೆತಿರುತ್ತದೆ. 'ಕವಲುದಾರಿ' ತೆರೆಕಂಡುದು ೨೦೧೯ರ ಏಪ್ರಿಲ್ ೧೨ರಂದು. ಹುಣಸೂರು, ಪಿರಿಯಾಪಟ್ಟಣಗಳ ಬೇಸಾಯಗಾರರು ಹೊಗೆಸೊಪ್ಪಿನ ಹೊಸ ಬೆಳೆಯ ಸಸಿಮಡಿಗಳಲ್ಲಿ ತೊಡಗಿರುವ ಕಾಲವದು. ಮೇಲಾಗಿ ಆರು ದಿನಗಳಲ್ಲಿ, ಅಂದರೆ ೧೮ರಂದು, ಲೋಕಸಭೆಗೆ ಮತದಾನವಿದ್ದಿತು. ಮಂಡ್ಯ ಕ್ಷೇತ್ರಕ್ಕೆ ಸೇರಿದ ಕೃಷ್ಣರಾಜನಗರದಲ್ಲಿ ನಟಿ ಸುಮಲತಾ, ನಟ ನಿಖಿಲ್ ಕುಮಾರಸ್ವಾಮಿ ಇವರೇ ಎದುರಾಳಿಗಳು. ಚಿತ್ರತಾರೆಯರು ಊರೂರಿಗೆ ಬಂದು ಬೀದಿಯಲ್ಲಿಯೇ ಕಾಣಿಸಿಕೊಳ್ಳುತ್ತಿದ್ದಾಗ ತೆರೆಯ ಮೇಲೆ ಅವರನ್ನು ನೋಡಲು ಹಣ ತೆರುವ ಆತುರ ಯಾರಿಗಿದ್ದೀತು!

ಗಲ್ಲಾಪೆಟ್ಟಿಗೆಯ ತೀರ್ಪು ಕೊನೆಯ ತೀರ್ಪಲ್ಲವೆಂಬುದಕ್ಕೆ ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' (೨೦೧೪) ಸಾಕ್ಷಿ. ಮಲ್ಪೆಯ ಕಡಲತೀರದ ಒಂದೇ ಘಟನೆಯನ್ನು ಹಲವರ ಕಣ್ಣಿನಿಂದ ಹೇಳುವ ಈ ಚಿತ್ರ ಬಿಡುಗಡೆಯ ಕಾಲದಲ್ಲಿ ಸೋತು, ಅನಂತರದ ವರ್ಷಗಳಲ್ಲಿ ನಿಷ್ಠಾವಂತರಾದ ನೋಟಕರನ್ನು ಗಳಿಸಿಕೊಂಡಿತು. ಆ ನೋಟಕರಲ್ಲಿ ಅನೇಕರು ಅದನ್ನು ಕಂಡುದು ಚಿತ್ರಮಂದಿರದಲ್ಲಲ್ಲ, ಮನೆಯಲ್ಲಿ, ಕೈಯಲ್ಲಿನ ಫೋನಿನಲ್ಲಿ. ಇದರಿಂದ ಲಾಭವೂ ಉಂಟು, ನಷ್ಟವೂ ಉಂಟು. ತಿಳಿಯದ ಭಾಗವನ್ನು ಮತ್ತೆ ನೋಡಬಹುದು. ಆದರೆ ನೆರಳಿನಿಂದ ಕಟ್ಟಿದ ದೃಶ್ಯವನ್ನು ಹಾಡುಹಗಲಿನಲ್ಲಿ, ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕುಳಿತು ಅಂಗೈಯಗಲದ ಗಾಜಿನ ಮೇಲೆ ನೋಡುವವನಿಗೆ ಕಾಣುವುದು ತನ್ನ ಮುಖದ ಪ್ರತಿಬಿಂಬವೇ. 'ಏನೂ ಕಾಣಲಿಲ್ಲ' ಎಂದು ಅವನು ಹೇಳಿದರೆ ಅದು ಅಕ್ಷರಶಃ ಸತ್ಯ.

ಆದುದರಿಂದ ಈ ತಾಲ್ಲೂಕುಗಳ ಕಾಲೇಜುಗಳಲ್ಲಿ ಇಂಥ ಚಿತ್ರಗಳನ್ನು ಕುರಿತು ಅಭಿಪ್ರಾಯ ಸಂಗ್ರಹಿಸಲು ಹೊರಡುವ ವಿದ್ಯಾರ್ಥಿಗಳು 'ಚಿತ್ರ ಹೇಗಿತ್ತು?' ಎಂಬ ಪ್ರಶ್ನೆಯಿಂದ ಆರಂಭಿಸದಿರುವುದು ಮೇಲು. ಎಲ್ಲಿ ನೋಡಿದಿರಿ, ಯಾರೊಡನೆ ನೋಡಿದಿರಿ, ಕಳ್ಳನಾರೆಂಬುದು ನಿಮಗೆ ಯಾವಾಗ ತಿಳಿಯಿತು, ತಿಳಿದ ಮೇಲೆ ಅವನು ಸಿಕ್ಕಿಬೀಳಲೆಂದು ಬಯಸಿದಿರೋ ತಪ್ಪಿಸಿಕೊಳ್ಳಲೆಂದೋ ಎಂದು ಕೇಳಬೇಕು. ಉತ್ತರವನ್ನು ಗ್ರಾಂಥಿಕಕ್ಕೆ ತಿದ್ದದೆ, ಹೇಳಿದವರ ನುಡಿಯಲ್ಲಿಯೇ ಬರೆದುಕೊಳ್ಳಬೇಕು. 'ಎಳೀತದೆ' ಎಂಬುದನ್ನು 'ಮಂದಗತಿಯುಳ್ಳದ್ದು' ಎಂದು ಬರೆದುಕೊಂಡ ಕ್ಷಣವೇ ಅದರಲ್ಲಿದ್ದ ಬೇಸರವೂ ಸಲಿಗೆಯೂ ಕಳೆದುಹೋಗುತ್ತವೆ.