ಓಮ್ ಅಳೆದ ಎಂಟು ತಂತಿಗಳು

1826ರ ಜನವರಿಯಲ್ಲಿ ಕೊಲೋನ್ ಪಟ್ಟಣದ ಜೆಸ್ವಿಟ್ ಶಾಲೆಯ ಮೇಷ್ಟ್ರು ಗೇಯಾರ್ಗ್ ಸೈಮನ್ ಓಮ್ ಎಂಟು ತಾಮ್ರದ ತಂತಿಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ಎಲ್ಲವೂ ಒಂದೇ ದಪ್ಪ. ಅತಿ ಚಿಕ್ಕದು 2 ಅಂಗುಲ, ಅತಿ ಉದ್ದದ್ದು 130 ಅಂಗುಲ. ಬೀಗ ಮಾಡುವವರ ಮಗನಾದ ಓಮ್‌ಗೆ ಆಗ ಮೂವತ್ತಾರು ವರ್ಷ. ತಂದೆ ತಾವೇ ಓದಿ ಕಲಿತ ಗಣಿತವನ್ನು ಮಕ್ಕಳಿಗೂ ಕಲಿಸಿದ್ದರು. ತಂತಿ ಉದ್ದವಾದಷ್ಟೂ ಅದರಲ್ಲಿ ಹರಿಯುವ ವಿದ್ಯುತ್ತು ಯಾವ ಲೆಕ್ಕದಲ್ಲಿ ಕಡಿಮೆಯಾಗುತ್ತದೆ ಎಂಬುದು ಓಮ್ ಹಿಡಿದು ಕೂತಿದ್ದ ಪ್ರಶ್ನೆ.

ಹಿಂದಿನ ವರ್ಷವೇ ಅವರು ಇದಕ್ಕೊಂದು ಉತ್ತರ ಪ್ರಕಟಿಸಿದ್ದರು. ಅದರಲ್ಲಿ ಲಾಗರಿತಮ್ ಇತ್ತು, ಉತ್ತರ ತಪ್ಪಾಗಿತ್ತು. ತಪ್ಪಿನ ಮೂಲ ಆಗಿನ ಬ್ಯಾಟರಿಯಲ್ಲಿತ್ತು. ತಂತಿ ಜೋಡಿಸಿದ ಕೂಡಲೇ ಪ್ರವಾಹ ಜೋರಾಗಿ ಹರಿದು, ನೋಡನೋಡುತ್ತಿದ್ದಂತೆ ಇಳಿಯುತ್ತಿತ್ತು. ಕಡಿಮೆಯಾದದ್ದು ತಂತಿಯ ದೆಸೆಯಿಂದಲೋ ಬ್ಯಾಟರಿಯ ದೆಸೆಯಿಂದಲೋ ಹೇಳುವ ಹಾಗಿರಲಿಲ್ಲ. ಭೌತವಿಜ್ಞಾನ ಪತ್ರಿಕೆಯೊಂದರ ಸಂಪಾದಕರಾಗಿದ್ದ ಪೊಗ್ಗೆನ್‌ಡಾರ್ಫ್ ಒಂದು ಸಲಹೆ ಕೊಟ್ಟರು: ಬ್ಯಾಟರಿ ಬಿಡಿ, ಉಷ್ಣಯುಗ್ಮ ಬಳಸಿ. ಎರಡು ಬೇರೆ ಲೋಹಗಳನ್ನು ಜೋಡಿಸಿ, ಒಂದು ಸಂಧಿಯನ್ನು ಬಿಸಿಯಾಗಿಯೂ ಇನ್ನೊಂದನ್ನು ತಣ್ಣಗೂ ಇಟ್ಟರೆ ವಿದ್ಯುತ್ತು ಹರಿಯುತ್ತದೆ ಎಂದು 1821ರಲ್ಲಿ ಸೀಬೆಕ್ ಕಂಡುಕೊಂಡಿದ್ದರು. ಓಮ್ ಮುಂದೆ ಕಂಡುಕೊಂಡದ್ದರ ಅರ್ಧ ಶ್ರೇಯ ಪೊಗ್ಗೆನ್‌ಡಾರ್ಫ್ ಕೊಟ್ಟ ಸಲಹೆಗೆ ಸಲ್ಲಬೇಕೆಂದೇ ನನ್ನ ಭಾವನೆ.

ಓಮ್ ಬಿಸ್ಮತ್ ಮತ್ತು ತಾಮ್ರವನ್ನು ಜೋಡಿಸಿದರು. ಒಂದು ಸಂಧಿ ಕುದಿಯುವ ನೀರಿನಲ್ಲಿ, ಇನ್ನೊಂದು ಕರಗುತ್ತಿರುವ ಮಂಜುಗಡ್ಡೆಯಲ್ಲಿ. ನೀರು ಕುದಿಯುವಷ್ಟು ಹೊತ್ತು, ಮಂಜು ಕರಗುವಷ್ಟು ಹೊತ್ತು ಈ ಎರಡು ತಾಪಗಳು ಅಲುಗುವುದಿಲ್ಲ. ಹಾಗಾಗಿ ವಿದ್ಯುತ್ತಿನ ಒತ್ತಡವೂ ಅಲುಗುವುದಿಲ್ಲ. ಆಂಪಿಯರ್ ಅಳೆಯುವ ಮೀಟರು ಆಗ ಎಲ್ಲಿಯದು? ಪ್ರವಾಹ ಹರಿಯುವ ಲೋಹದ ಮೇಲೆ ಒಂದು ಕಾಂತಸೂಜಿ ತೂಗುಬಿಟ್ಟರು. ಪ್ರವಾಹ ಸೂಜಿಯನ್ನು ಸರಿಸುತ್ತದೆ. ತೂಗಿದ ಎಳೆಯನ್ನು ತಿರುಚಿ ಅದನ್ನು ಮತ್ತೆ ಮೊದಲಿನ ಜಾಗಕ್ಕೆ ತರಬೇಕು. ಎಷ್ಟು ತಿರುಚಬೇಕಾಯಿತೋ ಅದೇ ಪ್ರವಾಹದ ಅಳತೆ.

ಜನವರಿ 8ರಂದು 2 ಅಂಗುಲದ ತಂತಿಗೆ ಬಂದ ಅಂಕಿ 326¾. 130 ಅಂಗುಲದ್ದಕ್ಕೆ 48½. ತಂತಿ 65 ಪಟ್ಟು ಉದ್ದವಾದರೂ ಪ್ರವಾಹ ಏಳರಲ್ಲಿ ಒಂದು ಪಾಲಿಗೆ ಮಾತ್ರ ಇಳಿದಿತ್ತು. ಓಮ್ ಗೆದ್ದದ್ದು ಇಲ್ಲಿ. ತಂತಿಯ ಉದ್ದಕ್ಕೆ 20¼ ಕೂಡಿಸಿ, ಬಂದ ಮೊತ್ತದಿಂದ 7285ನ್ನು ಭಾಗಿಸಿದರು. ಮೊದಲನೆಯದಕ್ಕೆ 327, ಕೊನೆಯದಕ್ಕೆ 48½! ನಡುವಿನ ಆರೂ ತಂತಿಗಳು ಅದೇ ಲೆಕ್ಕಕ್ಕೆ ಹೊಂದಿಕೊಂಡವು.

ಆ 20¼ ಏನು? ಅದು ಉಳಿದ ಮಂಡಲದ ರೋಧ: ವಿದ್ಯುತ್ತು ಹುಟ್ಟಿಸುವ ಸಾಧನ ತಾನೇ ಒಡ್ಡುವ ತಡೆ. ಇದನ್ನು ಖಚಿತಪಡಿಸಿಕೊಳ್ಳಲು ಅವರು ಕುದಿನೀರನ್ನು ತೆಗೆದು, ಆ ಸಂಧಿಯನ್ನು ಕೋಣೆಯ ಚಳಿಗೆ ಬಿಟ್ಟರು. ಒತ್ತಡವನ್ನು ಸೂಚಿಸುವ ಭಾಜ್ಯವಾಗಿದ್ದ 7285 ತೀರಾ ಚಿಕ್ಕದಾಯಿತು. 20¼ ಮಾತ್ರ ಹಾಗೆಯೇ ಉಳಿಯಿತು. ಒತ್ತಡ ಬೇರೆ, ರೋಧ ಬೇರೆ ಎಂದು ಅಂಕಿಗಳೇ ಬಿಡಿಸಿ ತೋರಿಸಿದವು. ನಮ್ಮ ತರಗತಿಗಳಲ್ಲಿ ಓಮ್‌ನ ನಿಯಮವನ್ನು (ಒತ್ತಡವನ್ನು ರೋಧದಿಂದ ಭಾಗಿಸಿದರೆ ಪ್ರವಾಹ) ಮೂರಕ್ಷರದ ತ್ರಿಕೋನವಾಗಿ ಬಾಯಿಪಾಠ ಮಾಡಿಸುತ್ತೇವೆ. ಕುದಿನೀರು ತೆಗೆದ ಈ ಪ್ರಯೋಗವನ್ನು ಒಮ್ಮೆ ಹೇಳಿದರೆ ಮಕ್ಕಳಿಗೆ ತ್ರಿಕೋನವೇ ಬೇಕಾಗುವುದಿಲ್ಲ.

1827ರಲ್ಲಿ ಬರ್ಲಿನ್‌ನಲ್ಲಿ ಈ ಕೆಲಸದ ಬಗ್ಗೆ ಓಮ್ ಬರೆದ ಪುಸ್ತಕ ಬಂತು. ಓಮ್ ಬಯಸಿದ ವಿಶ್ವವಿದ್ಯಾಲಯದ ಹುದ್ದೆ ಬರಲಿಲ್ಲ. ಕೊಲೋನಿನ ಕೆಲಸವನ್ನೂ ಬಿಟ್ಟರು. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಾಗ 1841. ಮ್ಯೂನಿಕ್‌ನಲ್ಲಿ ಪ್ರಾಧ್ಯಾಪಕರಾದದ್ದು 1852ರಲ್ಲಿ. ಎರಡೇ ವರ್ಷದಲ್ಲಿ ತೀರಿಕೊಂಡರು. ಇಷ್ಟು ಶುದ್ಧವಾದ ಕೆಲಸ ಇಷ್ಟು ಕಾಯಬೇಕಾಯಿತಲ್ಲ ಎಂದು ಈಗಲೂ ನೋಯುತ್ತದೆ.

ಓಮ್ ಲೆಕ್ಕ ಪ್ರವಾಹದ್ದು; ವಿದ್ಯುತ್ತಿನ ಸಾಮರ್ಥ್ಯದ, ಅಂದರೆ ಅದು ಸೆಕೆಂಡಿಗೆ ಎಷ್ಟು ಶಾಖ ಕೊಡಬಲ್ಲದು ಎಂಬುದರ ಲೆಕ್ಕ ಸಿಕ್ಕಿದ್ದು ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ. ಬಿಯರ್ ತಯಾರಿಸುವ ಮನೆತನದ ಜೇಮ್ಸ್ ಜೂಲ್ ಎಂಬ ತರುಣ 1840ರಲ್ಲಿ ತಂತಿಯ ಸುರುಳಿಯನ್ನು ನೀರಿನ ಜಾಡಿಯಲ್ಲಿ ಮುಳುಗಿಸಿ, ವಿದ್ಯುತ್ತು ಹರಿಸಿ, ಥರ್ಮಾಮೀಟರ್ ನೋಡುತ್ತ ಕೂತ. ರೋಧ ಇಮ್ಮಡಿಯಾದರೆ ಶಾಖ ಇಮ್ಮಡಿ. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಕು ಮಡಿ. ಅಂದರೆ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಬೇಕು. ಪ್ರವಾಹ ಗುಣಿಸು ರೋಧ ಎಂದರೆ ಓಮ್ ಹೇಳಿದ ಒತ್ತಡ, ಅಂದರೆ ವೋಲ್ಟೇಜೇ ಅಲ್ಲವೆ? ಆದ್ದರಿಂದ ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್, ಭಾಗಿಸಿದರೆ ಓಮ್. ಓಮ್, ವೋಲ್ಟ್, ಆಂಪಿಯರ್‌ಗಳನ್ನು 1881ರ ಪ್ಯಾರಿಸ್ ಸಮ್ಮೇಳನ ಒಪ್ಪಿಕೊಂಡಿತು. ವ್ಯಾಟ್ ಅನ್ನು ಮರುವರ್ಷ ಸೀಮೆನ್ಸ್ ಸೂಚಿಸಿದರು.

ಜೂಲ್‌ನ ಜಾಡಿಯ ಸುರುಳಿಯೇ ಇವತ್ತು ನಮ್ಮ ಬಚ್ಚಲುಮನೆಯ ಬಕೆಟ್ಟಿನಲ್ಲಿ ನೀರು ಕಾಯಿಸುವ ಕಾಯಿಲ್. ಅದರ ಮೇಲೆ 230 ವೋಲ್ಟ್, 1000 ವ್ಯಾಟ್ ಎಂದು ಬರೆದಿದ್ದರೆ ಎಳೆಯುವ ಪ್ರವಾಹ ಸುಮಾರು 4.35 ಆಂಪಿಯರ್, ರೋಧ ಸುಮಾರು 53 ಓಮ್. ಕಾಯಿಲ್ ಒಳಗಿನ ನಿಕ್ರೋಮ್ ತಂತಿಯ ರೋಧ ಕಾವಿಗೆ ಹೆಚ್ಚು ಬದಲಾಗದು. ಸಂಜೆ ವೋಲ್ಟೇಜು 200ಕ್ಕೆ ಇಳಿಯಿತು ಎನ್ನಿ. ಪ್ರವಾಹ 3.8 ಆಂಪಿಯರ್‌ನ ಹತ್ತಿರಕ್ಕೆ ಬರುತ್ತದೆ. ಸಾಮರ್ಥ್ಯ 756 ವ್ಯಾಟ್ ಮಾತ್ರ. ವೋಲ್ಟೇಜು ನೂರಕ್ಕೆ ಹದಿಮೂರು ಪಾಲು ಇಳಿದರೆ ಶಾಖ ನೂರಕ್ಕೆ ಇಪ್ಪತ್ನಾಲ್ಕು ಪಾಲು ಇಳಿದಂತಾಯಿತು. ಹದಿನೈದು ನಿಮಿಷಕ್ಕೆ ಕಾಯುತ್ತಿದ್ದ ನೀರಿಗೆ ಹತ್ತಿರಹತ್ತಿರ ಇಪ್ಪತ್ತು ನಿಮಿಷ ಬೇಕು.